ಕಾಯ್ದೆ ಓದುವ ಮೊದಲು ಅದರ ತಾರೀಖು ಓದಿ

ತಾಲ್ಲೂಕು ಕಚೇರಿ ಎದುರಿಗೆ ನನ್ನದೊಂದು ಸಣ್ಣ ಅಂಗಡಿ. ಝೆರಾಕ್ಸ್, ಟೈಪಿಂಗ್, ಅರ್ಜಿ ಬರೆದುಕೊಡುವುದು. ಒಂದು ಮಳೆಗಾಲದಲ್ಲಿ ಒಬ್ಬ ಹಿರಿಯರು ಪ್ಲಾಸ್ಟಿಕ್ ಕವರಿನಲ್ಲಿ ಪುಸ್ತಕ ಸುತ್ತಿಕೊಂಡು ಬಂದರು. ಹಳದಿ ರಟ್ಟಿನ ಭೂಸುಧಾರಣಾ ಕಾಯ್ದೆ. ಅಳಿಯ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಊರಲ್ಲಿ ಒಂದೆಕರೆ ಕೊಳ್ಳಬೇಕು ಅಂತಿದ್ದಾನೆ. ‘ನೋಡಿ, ಸ್ವಂತ ಸಾಗುವಳಿ ಮಾಡದವರಿಗೆ 79ಬಿ ಪ್ರಕಾರ ಆಗಲ್ಲ ಅಂತ ಇಲ್ಲೇ ಬರೆದಿದೆಯಲ್ಲ’ ಅಂತ ಬೆರಳಿಟ್ಟು ತೋರಿಸಿದರು. ಬರೆದಿದ್ದು ನಿಜ. ಆದರೆ ಪುಸ್ತಕ ಅಚ್ಚಾಗಿದ್ದು 2016ರಲ್ಲಿ. ಆ ಪ್ರಕರಣವನ್ನು, ಅಂದರೆ ಸೆಕ್ಷನ್ನನ್ನು, 2020ರಲ್ಲೇ ತೆಗೆದುಹಾಕಿದ್ದರು.

ಅವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. 2024ರ ಜುಲೈನಲ್ಲಿ ಹೊಸ ಕ್ರಿಮಿನಲ್ ಕಾನೂನು ಜಾರಿಗೆ ಬಂದ ವಾರವೇ, ಚೀಟಿ ದುಡ್ಡು ಕಳೆದುಕೊಂಡವರೊಬ್ಬರ ದೂರು ಟೈಪ್ ಮಾಡುವಾಗ ಕೈ ಅಭ್ಯಾಸದಲ್ಲಿ ಹಳೆಯ ದಂಡ ಸಂಹಿತೆಯ ‘ಕಲಂ 420’ ಅಂತ ಹೊಡೆದುಬಿಟ್ಟಿದ್ದೆ. ಅವರ ವಕೀಲರು ನೋಡಿ, ‘ಇವರಿನ್ನೂ ಹೋದ ತಿಂಗಳಲ್ಲೇ ಇದ್ದಾರೆ’ ಅಂದರಂತೆ. ಮತ್ತೆ ಬಸ್ಸಿನಲ್ಲಿ ವಾಪಸ್ ಬಂದು ಹೊಸದಾಗಿ ಟೈಪ್ ಮಾಡಿಸಿಕೊಂಡು ಹೋದರು. ನಾನು ದುಡ್ಡು ತಗೊಳ್ಳಲಿಲ್ಲ.

ಆವತ್ತಿಂದ ನನ್ನದೊಂದು ಪದ್ಧತಿ. ಕಾನೂನು ಏನು ಹೇಳುತ್ತದೆ ಅನ್ನುವುದು ಎರಡನೇ ಪ್ರಶ್ನೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಹೇಳುತ್ತದೆ ಅನ್ನುವುದು ಮೊದಲನೆಯದು. ಆ ಪದ್ಧತಿಯನ್ನೇ ಇಲ್ಲಿ ಬರೆದಿದ್ದೇನೆ. ನಾನು ವಕೀಲನಲ್ಲ. ನಿಮ್ಮ ಕೇಸಿಗೆ ಏನು ಮಾಡಬೇಕು ಅನ್ನುವುದನ್ನು ವಕೀಲರನ್ನೇ ಕೇಳಿ. ಅವರ ಹತ್ತಿರ ಹೋಗುವ ಮೊದಲು ಅರ್ಧ ಕೆಲಸ ನೀವೇ ಮಾಡಿಕೊಳ್ಳಬಹುದು, ಅಷ್ಟೆ.

1. ‘ಕಾನೂನು ಬಂತು’ ಅಂದರೆ ಎಲ್ಲಿಗೆ ಬಂತು ಅಂತ ಕೇಳಿ

ಪೇಪರಿನಲ್ಲಿ ಬರುವ ಪದಗಳನ್ನೇ ಹಿಡಿದುಕೊಳ್ಳಿ. ‘ಸಚಿವ ಸಂಪುಟ ಅಸ್ತು’ ಅಂದರೆ ಮಂತ್ರಿಗಳು ಕರಡಿಗೆ ಒಪ್ಪಿದ್ದಾರೆ, ಇನ್ನೂ ಏನೂ ಹುಟ್ಟಿಲ್ಲ. ‘ಮಂಡನೆ’ ಅಂದರೆ ಸದನದ ಮುಂದೆ ಇಟ್ಟಿದ್ದಾರೆ. ‘ಅಂಗೀಕಾರ’ ಅಂದರೆ ಪಾಸಾಗಿದೆ, ಆದರೆ ಒಂದೇ ಸದನದಲ್ಲೋ ಎರಡರಲ್ಲೂನೋ ನೋಡಬೇಕು. ‘ಅಂಕಿತ’ ಅಂದರೆ ರಾಜ್ಯಪಾಲರ ಅಥವಾ ರಾಷ್ಟ್ರಪತಿಯ ಸಹಿ ಬಿದ್ದಿದೆ. ‘ಜಾರಿ’ ಅನ್ನುವುದು ಇವೆಲ್ಲದರ ನಂತರದ ಮಾತು. ಅಂಕಿತ ಬೀಳುವವರೆಗೂ ಅದು ಬರೀ ವಿಧೇಯಕ. ಪೇಪರಿನವರು ಮಸೂದೆ ಅನ್ನುತ್ತಾರೆ, ಎರಡೂ ಒಂದೇ. ಅಂಕಿತ ಬಿದ್ದ ಮೇಲೆ ಅಧಿನಿಯಮ, ಅಂದರೆ ನಮ್ಮ ಬಾಯಲ್ಲಿ ಕಾಯ್ದೆ.

ಸದನದೊಳಗೆ ಏನಾಗುತ್ತದೆ ಅಂತ ಒಮ್ಮೆಯಾದರೂ ನೇರಪ್ರಸಾರದಲ್ಲಿ ನೋಡಿ. ಮಂತ್ರಿ ಎದ್ದು ವಿಧೇಯಕ ಮಂಡಿಸುತ್ತಾರೆ. ಆಮೇಲೊಂದು ದಿನ ‘ಪರ್ಯಾಲೋಚಿಸಬೇಕು’ ಅಂತ ಕೇಳುತ್ತಾರೆ. ಚರ್ಚೆ ಆಗುವುದು ಅಲ್ಲಿ. ಬೇಕಾದರೆ ಸಮಿತಿಗೂ ಕಳಿಸಬಹುದು. ಚರ್ಚೆ ಮುಗಿದ ಮೇಲೆ ಸ್ಪೀಕರ್ ಒಂದೊಂದೇ ಖಂಡವನ್ನು ಮತಕ್ಕೆ ಹಾಕುತ್ತಾರೆ. ವಿಧೇಯಕದಲ್ಲಿ ಇರುವಾಗ ಅದರ ಹೆಸರು ‘ಖಂಡ’, ಕಾಯ್ದೆಯಾದ ಮೇಲೆ ಅದೇ ‘ಪ್ರಕರಣ’. ತಮಾಷೆ ಅಂದರೆ 2ನೇ ಖಂಡದಿಂದ ಶುರು ಮಾಡುತ್ತಾರೆ. ಕಾಯ್ದೆಯ ಹೆಸರು ಇರುವ 1ನೇ ಖಂಡ ಕೊನೆಗೆ ಬರುತ್ತದೆ. ಮಗು ಹುಟ್ಟಿದ ಮೇಲೆ ನಾಮಕರಣ ಅನ್ನುವ ಹಾಗೆ. ‘ಹೌದು’ ಅನ್ನುವ ದನಿ, ‘ಇಲ್ಲ’ ಅನ್ನುವ ದನಿ, ಯಾವುದು ಜೋರೋ ಅದು ಗೆದ್ದಂತೆ. ಅದೇ ಧ್ವನಿಮತ. ಗದ್ದಲದ ದಿನ ಇಡೀ ವಿಧೇಯಕ ಐದು ನಿಮಿಷದಲ್ಲಿ ದಾಟಿಹೋಗುತ್ತದೆ. ನಮ್ಮ ಜಮೀನಿನ ಹಣೆಬರಹ ಹಾಗೆ ಐದು ನಿಮಿಷದಲ್ಲಿ ಬದಲಾಗುವುದು ನನಗಂತೂ ಸಮಾಧಾನ ಕೊಡುವುದಿಲ್ಲ.

ನಮ್ಮಲ್ಲಿ ಎರಡು ಸದನ. ವಿಧಾನಸಭೆಯಲ್ಲಿ 224 ಜನ, ವಿಧಾನ ಪರಿಷತ್ತಿನಲ್ಲಿ 75. ಪರಿಷತ್ತಿನಲ್ಲಿ ಬಿದ್ದುಹೋಯಿತು ಅಂತ ಸುದ್ದಿ ಬಂದರೆ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಸಂವಿಧಾನದ 197ನೇ ಅನುಚ್ಛೇದದ ಪ್ರಕಾರ ಪರಿಷತ್ತು ಮೊದಲ ಸಲ 3 ತಿಂಗಳು, ಎರಡನೇ ಸಲ 1 ತಿಂಗಳು ತಡ ಮಾಡಬಹುದು. ಅಷ್ಟೇ ಅದರ ಬಲ. 2024ರ ಫೆಬ್ರವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ವಿಧೇಯಕ ಪರಿಷತ್ತಿನಲ್ಲಿ ಸೋತಿತು. ಕೆಲವೇ ದಿನಗಳಲ್ಲಿ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು. ತಿಂಗಳು ಮುಗಿಯುವುದರೊಳಗೆ ಪರಿಷತ್ತಿನಲ್ಲೂ ಪಾಸಾಯಿತು. ಅಲ್ಲಿಗಾದರೂ ಮುಗಿಯಿತಾ? ಇಲ್ಲ. ರಾಜ್ಯಪಾಲರು ಸ್ಪಷ್ಟನೆ ಕೇಳಿ ವಾಪಸ್ ಕಳಿಸಿದರು. ‘ಪಾಸಾಯಿತು’ ಅನ್ನುವ ತಲೆಬರಹ ಓದಿ ಕಾನೂನೇ ಬಂತು ಅಂದುಕೊಂಡವರು ನಮ್ಮ ಅಂಗಡಿ ಮುಂದೆ ಬೇಕಾದಷ್ಟು ಜನ ಇದ್ದರು.

ದುಡ್ಡಿನ ವಿಧೇಯಕವಾದರೆ ಪರಿಷತ್ತಿಗೆ 14 ದಿನ ಮಾತ್ರ. ದೆಹಲಿಯಲ್ಲಿ ಎರಡು ಸದನ ಜಗಳಕ್ಕೆ ಬಿದ್ದರೆ ಜಂಟಿ ಅಧಿವೇಶನ ಕರೆಯಬಹುದು. ರಾಜ್ಯದಲ್ಲಿ ಆ ದಾರಿ ಇಲ್ಲ, ಕೊನೆಯ ಮಾತು ವಿಧಾನಸಭೆಯದೇ.

ರಾಜ್ಯಪಾಲರ ಮುಂದೆ ಮೂರು ದಾರಿ. ಸಹಿ ಹಾಕಬಹುದು, ತಡೆಹಿಡಿದು ‘ಮತ್ತೊಮ್ಮೆ ನೋಡಿ’ ಅಂತ ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಳಿಸಬಹುದು. ವಾಪಸ್ ಬಂದದ್ದನ್ನು ಸದನ ಮತ್ತೆ ಪಾಸು ಮಾಡಿ ಕಳಿಸಿದರೆ ಅಂಕಿತ ತಡೆಹಿಡಿಯುವಂತಿಲ್ಲ ಅಂತ 200ನೇ ಅನುಚ್ಛೇದ ಹೇಳುತ್ತದೆ. ಎಷ್ಟು ದಿನದೊಳಗೆ ತೀರ್ಮಾನ ಮಾಡಬೇಕು ಅಂತ ಮಾತ್ರ ಸಂವಿಧಾನ ಹೇಳಿಲ್ಲ. ಹಾಗಾಗಿ ‘ರಾಜ್ಯಪಾಲರ ಬಳಿ ಇದೆ’ ಅನ್ನುವ ಸುದ್ದಿಗೆ ಗಡುವು ಹುಡುಕುತ್ತಾ ಕೂರಬೇಡಿ.

2. ಅವಸರದ ಕೂಸಾದರೆ ಇನ್ನೂ ಹುಷಾರು

ಸದನ ನಡೆಯದೆ ಇರುವಾಗ ಸರ್ಕಾರಕ್ಕೆ ಅರ್ಜೆಂಟಾಗಿ ಕಾನೂನು ಬೇಕಾದರೆ ಸುಗ್ರೀವಾಜ್ಞೆ ತರುತ್ತಾರೆ. ಇದಕ್ಕೂ ರಾಜ್ಯಪಾಲರೇ ಸಹಿ ಹಾಕಬೇಕು. ಕಾಯ್ದೆಗೆ ಇರುವ ಬಲವೇ ಇದಕ್ಕೂ ಇದೆ, ಆಯಸ್ಸು ಮಾತ್ರ ಕಡಿಮೆ. ಸದನ ಮತ್ತೆ ಸೇರಿದ ದಿನದಿಂದ 6 ವಾರದೊಳಗೆ ಅದು ಕಾಯ್ದೆಯಾಗದಿದ್ದರೆ ಬಿದ್ದುಹೋಗುತ್ತದೆ. 2025ರ ಫೆಬ್ರವರಿಯಲ್ಲಿ ಸಾಲ ವಸೂಲಿಯ ಕಿರುಕುಳ ತಡೆಯುವ ಮೈಕ್ರೊಫೈನಾನ್ಸ್ ಸುಗ್ರೀವಾಜ್ಞೆ ಹೀಗೇ ಬಂತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿದರು, ಸರ್ಕಾರ ಮತ್ತೆ ಕಳಿಸಿದ ಮೇಲೆ ಸಹಿ ಹಾಕಿದರು. ಆಮೇಲೆ ಮಾರ್ಚ್ ಅಧಿವೇಶನದಲ್ಲಿ ಅದು ವಿಧೇಯಕವಾಗಿ ಸದನಕ್ಕೆ ಬಂತು.

ನಮ್ಮ ಹಿರಿಯರ 79ಬಿ ಮೊದಲು ಹೋಗಿದ್ದೂ ಸುಗ್ರೀವಾಜ್ಞೆಯಿಂದಲೇ, 2020ರ ಜುಲೈನಲ್ಲಿ. ಅದಕ್ಕೆ ಎರಡೂ ಸದನದ ಒಪ್ಪಿಗೆ ಸಿಕ್ಕಿದ್ದು ಡಿಸೆಂಬರಿನಲ್ಲಿ. ಈ ನಡುವಿನ ತಿಂಗಳುಗಳಲ್ಲಿ ಆದ ವ್ಯವಹಾರದ ಕಾಗದ ನಿಮ್ಮ ಕೈಯಲ್ಲಿದ್ದರೆ, ಆ ದಿನ ಯಾವುದು ಚಾಲ್ತಿಯಲ್ಲಿತ್ತು ಅಂತ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಬಿಹಾರದಲ್ಲಿ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆ ತಂದು, ಸದನದಲ್ಲಿ ಕಾಯ್ದೆ ಮಾಡಿಸದೆಯೇ ಅವನ್ನೇ ಮತ್ತೆ ಮತ್ತೆ ಹೊರಡಿಸುತ್ತಿದ್ದರು. ಹೀಗೆ ಮಾಡುವುದು ಸಂವಿಧಾನಕ್ಕೆ ಮೋಸ ಅಂತ 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಒಂದೆರಡು ಸಲ ಮತ್ತೆ ಹೊರಡಿಸುವ ಚಾಳಿ ಹಲವು ಸರ್ಕಾರಗಳಿಗೆ ಇದೆ.

3. ಮೂರು ತಾರೀಖು ಬರೆದುಕೊಳ್ಳಿ

ಇದೇ ಮುಖ್ಯವಾದ ಕೆಲಸ. ಬಿಳಿ ಹಾಳೆ ತಗೊಂಡು ಮೂರು ಸಾಲು ಹಾಕಿ: ಹೆಸರಿನಲ್ಲಿರುವ ವರ್ಷ, ಅಂಕಿತದ ದಿನ, ಜಾರಿಯ ದಿನ. ಮೂರೂ ಒಂದೇ ಆಗಿರಬೇಕು ಅಂತಿಲ್ಲ.

ಅದೇ ಭೂಸುಧಾರಣಾ ಕಾಯ್ದೆಯನ್ನು ತಗೊಳ್ಳಿ. 1957ರಲ್ಲಿ ಬಿ.ಡಿ. ಜತ್ತಿ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದರು. ಅಲ್ಲಿಂದ ಶುರುವಾದ ಕೆಲಸಕ್ಕೆ ಸಿಕ್ಕ ಹೆಸರು ‘ಭೂಸುಧಾರಣಾ ಅಧಿನಿಯಮ, 1961’. ರಾಷ್ಟ್ರಪತಿಯ ಅಂಕಿತ ಬಿದ್ದಿದ್ದು 1962ರಲ್ಲಿ. ಅದಕ್ಕೇ ಕ್ರಮಸಂಖ್ಯೆ ‘1962ರ 10’. ಜಾರಿಗೆ ಬಂದಿದ್ದು 1965ರ ಅಕ್ಟೋಬರ್ 2ರಂದು. ನಮ್ಮ ಅಜ್ಜಂದಿರು ನೆನಪಿಟ್ಟುಕೊಂಡಿರುವ ‘ಉಳುವವನೇ ಹೊಲದೊಡೆಯ’ ಬಂದಿದ್ದು ಅದಕ್ಕೂ ಆಮೇಲೆ. ದೇವರಾಜ ಅರಸರ ಕಾಲದ ದೊಡ್ಡ ತಿದ್ದುಪಡಿ ಅದು, ಜಾರಿ 1974ರ ಮಾರ್ಚ್ 1ರಿಂದ. ಒಂದೇ ಕಾಯ್ದೆ, ಆದರೆ 1966ರ ಗೇಣಿದಾರನಿಗೂ 1975ರ ಗೇಣಿದಾರನಿಗೂ ಹಕ್ಕು ಬೇರೆ. ಹಳೆಯ ಪುಸ್ತಕದಲ್ಲಿ ‘ಮೈಸೂರು ಭೂಸುಧಾರಣಾ ಕಾಯ್ದೆ’ ಅಂತಿದ್ದರೆ ಗಾಬರಿಯಾಗಬೇಡಿ. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಬದಲಾಯಿತಲ್ಲ, ಕಾಯ್ದೆಗಳ ಹೆಸರೂ ಹಾಗೇ ಬದಲಾದವು.

ಜಾರಿಯ ದಿನ ಸಾಮಾನ್ಯವಾಗಿ ಮೊದಲ ಪ್ರಕರಣದಲ್ಲೇ ಇರುತ್ತದೆ. ‘ಈ ಕೂಡಲೇ ಜಾರಿಗೆ ಬರತಕ್ಕದ್ದು’ ಅಂತಿದ್ದರೆ ತಲೆನೋವಿಲ್ಲ. ‘ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದಂಥ ದಿನಾಂಕದಂದು’ ಅಂತಿದ್ದರೆ ಆ ಅಧಿಸೂಚನೆ ಹುಡುಕಲೇಬೇಕು. ಅದಿಲ್ಲದೆ ಕಾಯ್ದೆ ಇದ್ದೂ ಇಲ್ಲದ ಹಾಗೆ. ಕೇಂದ್ರದ ಕಾಯ್ದೆ ಈ ಬಗ್ಗೆ ಏನೂ ಹೇಳದಿದ್ದರೆ ಅಂಕಿತದ ದಿನವೇ ಜಾರಿಯ ದಿನ.

ಈ ಅಧಿಸೂಚನೆ ಎಷ್ಟು ತಡವಾಗಬಹುದು? ವೇತನ ಸಂಹಿತೆ ಪಾಸಾಗಿದ್ದು 2019ರಲ್ಲಿ, ಉಳಿದ ಮೂರು ಕಾರ್ಮಿಕ ಸಂಹಿತೆಗಳು 2020ರಲ್ಲಿ. ನಾಲ್ಕೂ ಜಾರಿಗೆ ಬಂದಿದ್ದು 2025ರ ನವೆಂಬರ್ 21ಕ್ಕೆ. ಅಷ್ಟು ವರ್ಷವೂ ಮೊಬೈಲಿನಲ್ಲಿ ‘ನಾಳೆಯಿಂದ ಸಂಬಳದ ಲೆಕ್ಕ ಬದಲಾಗುತ್ತದೆ’ ಅನ್ನುವ ಸಂದೇಶ ಓಡಾಡುತ್ತಲೇ ಇತ್ತು. ದೆಹಲಿಯ ಬಾಡಿಗೆ ಕಾಯ್ದೆಗೆ 1995ರಲ್ಲೇ ಅಂಕಿತ ಬಿದ್ದರೂ ಜಾರಿಯ ದಿನ ಬರಲೇ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಕಾಯ್ದೆ ಜಾರಿಗೆ ಬಂದರೂ ಅದರ ಒಂದು ತುಂಡು ಜಾರಿಯಾಗದೆ ಉಳಿಯಬಹುದು. ಭಾರತೀಯ ನ್ಯಾಯ ಸಂಹಿತೆಯದು ಒಳ್ಳೆ ಉದಾಹರಣೆ. 2023ರ ಆಗಸ್ಟ್ 11ರಂದು ಲೋಕಸಭೆಯಲ್ಲಿ ಮಂಡನೆ. ಅಲ್ಲಿಂದ ಗೃಹ ವ್ಯವಹಾರಗಳ ಸಂಸದೀಯ ಸಮಿತಿಗೆ. ಸಮಿತಿ ವರದಿ ಕೊಟ್ಟ ಮೇಲೆ ಡಿಸೆಂಬರಿನಲ್ಲಿ ಆ ಮಸೂದೆಯನ್ನೇ ಹಿಂತೆಗೆದುಕೊಂಡು, ಬದಲಾವಣೆಗಳೊಂದಿಗೆ ಇನ್ನೊಂದನ್ನು ಮಂಡಿಸಿದರು. ಡಿಸೆಂಬರ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 25ಕ್ಕೆ ರಾಷ್ಟ್ರಪತಿಯ ಅಂಕಿತ. ಜಾರಿ ಮಾತ್ರ 2024ರ ಜುಲೈ 1. ಅದರಲ್ಲೂ 106ನೇ ಪ್ರಕರಣದ 2ನೇ ಉಪಪ್ರಕರಣವನ್ನು ಬಿಟ್ಟು. ಗಾಡಿ ಗುದ್ದಿ ಯಾರಿಗೂ ತಿಳಿಸದೆ ಓಡಿಹೋದವರಿಗೆ 10 ವರ್ಷದವರೆಗೆ ಜೈಲು ಅನ್ನುವ ಭಾಗ ಅದು. 2024ರ ಜನವರಿಯಲ್ಲಿ ಲಾರಿ ಡ್ರೈವರುಗಳು ಮುಷ್ಕರ ಹೂಡಿದ್ದು ಇದರ ವಿರುದ್ಧವೇ. ಅಚ್ಚಾದ ಪುಸ್ತಕದಲ್ಲಿ ಆ ಸಾಲು ಎಲ್ಲದರ ಜೊತೆ ಮಾಮೂಲಾಗಿ ಕೂತಿದೆ. ಜಾರಿಯ ಅಧಿಸೂಚನೆ ನೋಡದೆ ಇದ್ದರೆ ಗೊತ್ತೇ ಆಗುವುದಿಲ್ಲ.

ಹಳೆಯ ಮೊದಲ ಮಸೂದೆಯ ಪಿಡಿಎಫ್ ಇನ್ನೂ ವಾಟ್ಸಾಪಿನಲ್ಲಿ ತಿರುಗುತ್ತಿದೆ. ಅದನ್ನೇ ಕಾನೂನು ಅಂದುಕೊಂಡು ಪ್ರಿಂಟ್ ತೆಗೆಸಲು ಬಂದವರೂ ಇದ್ದಾರೆ.

4. ಒಳಗೆ ಹೇಗೆ ಓದಬೇಕು

ಈಗ ಪುಸ್ತಕ ತೆರೆಯಿರಿ. ನೇರವಾಗಿ ನಿಮಗೆ ಬೇಕಾದ ನಂಬರಿಗೆ ಹಾರಬೇಡಿ. ಮೊದಲ ಎರಡು ಪ್ರಕರಣ ಓದಿಯೇ ಮುಂದೆ ಹೋಗಿ. ಮೊದಲನೆಯದರಲ್ಲಿ ಹೆಸರು, ವ್ಯಾಪ್ತಿ, ಜಾರಿ. ಎರಡನೆಯದರಲ್ಲಿ ಸಾಮಾನ್ಯವಾಗಿ ಪರಿಭಾಷೆ. ‘ಕುಟುಂಬ’ ಅಂದರೆ ಯಾರು, ‘ಸ್ವಂತ ಸಾಗುವಳಿ’ ಅಂದರೆ ಏನು ಅಂತ ಅಲ್ಲಿ ಹೇಳಿರುತ್ತಾರೆ. ಮನೆಯಲ್ಲಿ ಕುಟುಂಬ ಅಂದರೆ ಅಣ್ಣತಮ್ಮಂದಿರೆಲ್ಲ ಸೇರಿರಬಹುದು. ಕಾಯ್ದೆಯಲ್ಲಿ ಹಾಗೇ ಇರುತ್ತದೆ ಅಂತ ನಂಬಿ ಕೂತರೆ ಲೆಕ್ಕ ತಪ್ಪುತ್ತದೆ.

ಆಮೇಲೆ ನಾಲ್ಕೈದು ಪದಗಳ ಮೇಲೆ ಕಣ್ಣಿಡಿ. ‘ತಕ್ಕದ್ದು’ ಅಂದರೆ ಮಾಡಲೇಬೇಕು. ‘ಬಹುದು’ ಅಂದರೆ ಅಧಿಕಾರಿಯ ವಿವೇಚನೆ. ತಹಶೀಲ್ದಾರರು ‘ಮಂಜೂರು ಮಾಡಬಹುದು’ ಅಂತ ಇರುವ ಕಡೆ ‘ಕೊಡಲೇಬೇಕು’ ಅಂತ ಜಗಳಕ್ಕೆ ನಿಂತರೆ ಗಂಟಲು ನೋವು ಬರುತ್ತದೆ ಅಷ್ಟೆ. ‘ಪರಂತು’ ಅಂತ ಶುರುವಾಗುವ ತುಂಡು ಪರಂತುಕ. ಮೇಲೆ ಕೊಟ್ಟದ್ದರಲ್ಲಿ ಸ್ವಲ್ಪ ವಾಪಸ್ ಕಿತ್ತುಕೊಳ್ಳುವ ಜಾಗ ಅದು. ‘ಏನೇ ಒಳಗೊಂಡಿದ್ದರೂ’ ಅಂತ ಬಂದರೆ ಈ ಪ್ರಕರಣ ಉಳಿದವುಗಳ ತಲೆಮೇಲೆ ಕೂರುತ್ತದೆ. ‘ಒಳಪಟ್ಟು’ ಅಂತ ಬಂದರೆ ಬೇರೊಂದರ ಕೆಳಗೆ ಕೂರುತ್ತದೆ. ವಾಕ್ಯಗಳು ಉದ್ದ, ಅರ್ಧ ಪುಟದ ಕೊನೆಗೆ ಕ್ರಿಯಾಪದ. ನಾನು ಮಾಡುವುದು ಇಷ್ಟೆ: ಮೊದಲು ಕೊನೆಯ ಕ್ರಿಯಾಪದಕ್ಕೆ ಗೆರೆ ಹಾಕುತ್ತೇನೆ, ಆಮೇಲೆ ಯಾರು ಅನ್ನುವುದಕ್ಕೆ, ನಡುವಿನ ಷರತ್ತುಗಳನ್ನು ಕೊನೆಗೆ ಓದುತ್ತೇನೆ. ಕನ್ನಡ ಪಾಠ ಎಷ್ಟು ಓದಿದರೂ ಬಿಡಿಸಿಕೊಳ್ಳದಿದ್ದರೆ ಇಂಗ್ಲಿಷ್ ಪಾಠವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಹೈಕೋರ್ಟಿನವರೆಗೆ ಹೋಗುವ ವಿಷಯವಾದರೆ ಅಲ್ಲಿ ನೋಡುವುದು ಅದನ್ನೇ.

ನಂಬರಿನ ಪಕ್ಕ ಅಕ್ಷರ ಏಕೆ ಅಂತ ಬಹಳ ಜನ ಕೇಳುತ್ತಾರೆ. ಭೂಕಂದಾಯ ಕಾಯ್ದೆ 1964ರದ್ದು. ಅದರ 94ಎ, 94ಸಿ, 94ಸಿಸಿ, 94ಡಿ ಇವೆಲ್ಲ ಆಮೇಲೆ ಒಂದೊಂದಾಗಿ ತೂರಿಸಿದ್ದು. ನಡುವೆ ಹೊಸದನ್ನು ಸೇರಿಸಿ 95ನ್ನು 96 ಮಾಡಿದರೆ ಇಡೀ ರಾಜ್ಯದ ಹಳೆಯ ಆದೇಶಗಳೆಲ್ಲ ಅಡ್ಡಾದಿಡ್ಡಿಯಾಗುತ್ತವೆ. ಭೂಪರಿವರ್ತನೆ ಅಂದರೆ 95 ಅಂತ ಎಲ್ಲರ ಬಾಯಲ್ಲೂ ಕೂತಿದೆಯಲ್ಲ! ಅದಕ್ಕೆ ಮನೆ ನಂಬರಿನ ಹಾಗೆ ಎ, ಬಿ ಸೇರಿಸುತ್ತಾರೆ. ಅಕ್ಷರ ಕಂಡರೆ ತಿದ್ದುಪಡಿ ಆಗಿದೆ ಅಂತ ತಿಳಿಯಿರಿ, ಅಡಿಟಿಪ್ಪಣಿಯಲ್ಲಿ ಯಾವ ವರ್ಷದ ಯಾವ ಕಾಯ್ದೆಯಿಂದ ಅಂತ ಇರುತ್ತದೆ.

ಇನ್ನು ಫಾರಂ. ಬಗರ್‌ಹುಕುಂ ಜಮೀನನ್ನು, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು, ಸಕ್ರಮ ಮಾಡಿಸಿಕೊಳ್ಳಲು ಫಾರಂ 57 ಹಾಕಿದವರು ಕಾಯ್ದೆಯ ಪುಸ್ತಕ ತಿರುವಿ ತಿರುವಿ ಸುಸ್ತಾಗುತ್ತಾರೆ. ಅದು ಅಲ್ಲಿ ಸಿಗುವುದಿಲ್ಲ, 1966ರ ಭೂಕಂದಾಯ ನಿಯಮಗಳಲ್ಲಿ ಇದೆ. ಶಾಸಕರು ಮಾಡುವುದು ಕಾಯ್ದೆ. ಆ ಕಾಯ್ದೆ ಕೊಟ್ಟ ಅಧಿಕಾರದಲ್ಲಿ ಸರ್ಕಾರ ಮಾಡುವುದು ನಿಯಮ, ಅಧಿಸೂಚನೆ. ಇಲಾಖೆ ಒಳಗೊಳಗೇ ಕಳಿಸಿಕೊಳ್ಳುವುದು ಸುತ್ತೋಲೆ. ನಿಯಮ ಕಾಯ್ದೆಯನ್ನು ಮೀರುವಂತಿಲ್ಲ. ಸುತ್ತೋಲೆ ಎರಡನ್ನೂ ಮೀರುವಂತಿಲ್ಲ. ಕೌಂಟರಿನಲ್ಲಿ ‘ಸುತ್ತೋಲೆ ಬಂದಿದೆ, ಆಗಲ್ಲ’ ಅಂದರೆ ಸುತ್ತೋಲೆಯ ನಂಬರು, ತಾರೀಖು ಬರೆದುಕೊಡಿ ಅಂತ ಮೆತ್ತಗೆ ಕೇಳಿ. ಎಷ್ಟೋ ಸಲ ಅಲ್ಲಿಗೇ ಕೆಲಸ ಸಲೀಸಾಗಿಬಿಡುತ್ತದೆ.

ತಿದ್ದುಪಡಿ ಕಾಯ್ದೆಯನ್ನು ಮಾತ್ರ ಓದಿದರೆ ತಲೆಬುಡ ಅರ್ಥವಾಗುವುದಿಲ್ಲ. ‘5ನೇ ಪ್ರಕರಣದಲ್ಲಿ ಇಂಥ ಪದದ ಬದಲಿಗೆ ಇಂಥ ಪದ’ ಅಂತಷ್ಟೇ ಇರುತ್ತದೆ. ಮೂಲವನ್ನು ಎಡಗಡೆ, ತಿದ್ದುಪಡಿಯನ್ನು ಬಲಗಡೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ನೀವೇ ಒಮ್ಮೆ ತಿದ್ದಿ.

5. ಸತ್ತಿದೆಯಾ, ಬದುಕಿದೆಯಾ?

ಹುಟ್ಟಿದ ದಾರಿಯಲ್ಲೇ ಹೋಗಬೇಕು ಅನ್ನುವುದು ಕಾನೂನಿನ ಸಾವಿಗೂ ಅನ್ವಯಿಸುತ್ತದೆ. ಸದನ ಮಾಡಿದ ಕಾಯ್ದೆಯನ್ನು ಸದನವೇ ಇನ್ನೊಂದು ಕಾಯ್ದೆಯಿಂದ ತೆಗೆಯಬೇಕು. ಸರ್ಕಾರಿ ಭಾಷೆಯಲ್ಲಿ ಇದು ನಿರಸನ. ಮಂತ್ರಿ ವೇದಿಕೆ ಮೇಲೆ ‘ರದ್ದು ಮಾಡಿದ್ದೇವೆ’ ಅಂದರೆ ರದ್ದಾಗುವುದಿಲ್ಲ. ಮೂರು ಕೃಷಿ ಕಾಯ್ದೆಗಳ ಲೆಕ್ಕ ನೋಡಿ. 2020ರ ಜೂನ್ 5ರಂದು ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ. 2021ರ ಜನವರಿ 12ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ತಡೆ ಅಂದರೆ ನಿದ್ದೆ ಮಾಡಿಸಿದ ಹಾಗೆ, ಸಾವಲ್ಲ. ನವೆಂಬರ್ 19ರಂದು ಪ್ರಧಾನಿ ಟಿವಿಯಲ್ಲಿ ವಾಪಸ್ ಪಡೆಯುತ್ತೇವೆ ಅಂತ ಘೋಷಿಸಿದರು. ಅವತ್ತೂ ಕಾಯ್ದೆಗಳು ಪುಸ್ತಕದಲ್ಲಿ ಇದ್ದವು. ನವೆಂಬರ್ 29ರಂದು ಎರಡೂ ಸದನಗಳು ನಿರಸನ ಮಸೂದೆಯನ್ನು ಚರ್ಚೆಯಿಲ್ಲದೆ ಪಾಸು ಮಾಡಿದವು. ಅದಕ್ಕೆ ಅಂಕಿತ ಬಿದ್ದ ಮೇಲೆ ಕಥೆ ಮುಗಿಯಿತು. ದೆಹಲಿ ಗಡಿಯಲ್ಲಿ ಈ ಕಾಯ್ದೆಗಳ ವಿರುದ್ಧ ಧರಣಿ ಕೂತಿದ್ದ ರೈತರು ಘೋಷಣೆ ಕೇಳಿದ ಸಂಜೆಯೇ ಡೇರೆ ಕಿತ್ತುಕೊಂಡು ಹೊರಡಲಿಲ್ಲ. ನನ್ನ ಲೆಕ್ಕದಲ್ಲಿ ಅವರು ಕಾನೂನು ಸರಿಯಾಗಿ ಓದಿದವರು.

ನ್ಯಾಯಾಲಯ ‘ಸಂವಿಧಾನಬಾಹಿರ’ ಅಂತ ಹೊಡೆದುಹಾಕುವುದು ಬೇರೆ. ಆಗ ಆ ಸಾಲಿನ ಬಲ ಹೋಗುತ್ತದೆ, ಆದರೆ ಪುಸ್ತಕದಲ್ಲಿ ಅಕ್ಷರ ಹಾಗೇ ಉಳಿದಿರಬಹುದು. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಪ್ರಕರಣವನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಹೊಡೆದುಹಾಕಿತು. ಫೇಸ್‌ಬುಕ್ಕಿನಲ್ಲಿ ಏನೋ ಬರೆದವರ ಮೇಲೆ ಹಾಕುತ್ತಿದ್ದ ಸೆಕ್ಷನ್ ಅದು. 6 ವರ್ಷ ಕಳೆದ ಮೇಲೂ ಅದರಡಿ ಕೇಸು ದಾಖಲಾಗುತ್ತಿವೆ ಅಂತ ಗೊತ್ತಾಗಿ 2021ರಲ್ಲಿ ಕೋರ್ಟೇ ದಂಗಾಯಿತು. ಮುಖ್ಯ ಪಾಠದಲ್ಲಿ ಸಾಲು ಇದೆ, ಅಡಿಟಿಪ್ಪಣಿ ಯಾರೂ ಓದಿಲ್ಲ.

ನಿರಸನ ಅಂತ ಸಿಕ್ಕಿದರೆ ಅಲ್ಲಿಗೆ ಪುಸ್ತಕ ಮುಚ್ಚಬೇಡಿ. ‘ನಿರಸನ ಮತ್ತು ಉಳಿಸುವಿಕೆ’ ಅಂತ ಪ್ರಕರಣದ ತಲೆಬರಹ ಇರುತ್ತದೆ, ಎರಡನೇ ಪದ ಮೊದಲನೆಯದಕ್ಕಿಂತ ದೊಡ್ಡದು. ಹಳೆಯದು ಹೋದರೂ ಅದು ಇದ್ದಾಗ ಹುಟ್ಟಿದ ಹಕ್ಕು, ಹೊಣೆ, ಶಿಕ್ಷೆ, ನಡೆಯುತ್ತಿರುವ ಕೇಸು ಇವೆಲ್ಲ ಉಳಿಯುತ್ತವೆ. ಹೊಸ ಕಾಯ್ದೆ ಬಾಯಿಬಿಟ್ಟು ಹೇಳದಿದ್ದರೂ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 6ನೇ ಪ್ರಕರಣ ಇದನ್ನೇ ಹೇಳುತ್ತದೆ. ರಾಜ್ಯದ ಕಾಯ್ದೆಗಳಿಗೆ ಅಂತ ನಮ್ಮದೇ 1899ರ ಇನ್ನೊಂದಿದೆ. 1860ರ ದಂಡ ಸಂಹಿತೆ ಹೋಗಿದ್ದು ನ್ಯಾಯ ಸಂಹಿತೆಯ 358ನೇ ಪ್ರಕರಣದಿಂದ. ಹಾಗಂತ 2024ರ ಜೂನ್ 30ರಂದು ನಡೆದ ಮೋಸಕ್ಕೆ ಇವತ್ತು ದೂರು ಕೊಟ್ಟರೂ ಅದು 420ನೇ ಕಲಂ ಅಡಿಯಲ್ಲೇ. ಮರುದಿನ ನಡೆದದ್ದಾದರೆ 318(4). ನಾನು ತಪ್ಪು ಟೈಪ್ ಮಾಡಿದ ಆ ದೂರಿನಲ್ಲಿ ದುಡ್ಡು ಕೊಟ್ಟ ದಿನ ಜುಲೈ 2. ಎರಡು ದಿನ ಮೊದಲು ಕೊಟ್ಟಿದ್ದರೆ ನನ್ನ ಟೈಪಿಂಗೇ ಸರಿಯಾಗಿರುತ್ತಿತ್ತು! ಮೋಸಗಾರನನ್ನು ಫೋರ್‌ಟ್ವೆಂಟಿ ಅಂತ ಬೈಯುವುದನ್ನು ಮಾತ್ರ ಯಾವ ಸಂಸತ್ತೂ ನಿರಸನ ಮಾಡಲಾರದು.

ಇದು ಮಾಮೂಲಿ ನಿಯಮ. ಸದನ ಬೇಕೆಂದರೆ ಇದನ್ನೂ ಮೀರಬಹುದು, 79ಎ ಮತ್ತು 79ಬಿ ಹೋಗಿದ್ದು ಹಾಗೆ. ಮೊದಲನೆಯದು ವರ್ಷಕ್ಕೆ 25 ಲಕ್ಷ ದಾಟಿದ ಕೃಷಿಯೇತರ ಆದಾಯದವರಿಗೆ ಅಡ್ಡಿ. ಎರಡನೆಯದು ಸ್ವಂತ ಸಾಗುವಳಿ ಮಾಡದವರಿಗೆ. 2020ರ ತಿದ್ದುಪಡಿ ಇವನ್ನು 1974ರ ಮಾರ್ಚ್ 1ರಿಂದಲೇ ಬಿಟ್ಟುಬಿಡತಕ್ಕದ್ದು ಅಂದಿತು. ಅಂದರೆ ಅವು ಇರಲೇ ಇಲ್ಲ ಅನ್ನುವ ಹಾಗೆ. ಬಾಕಿ ಇದ್ದ ಕೇಸುಗಳೂ ಕೊನೆಗೊಂಡವು. 46 ವರ್ಷದ ಹಿಂದಕ್ಕೆ ಹೋಗಿ ಅಳಿಸುವುದು ಸರಿಯಾ ತಪ್ಪಾ ಅಂತ ರೈತ ಸಂಘಟನೆಗಳು ಆಗಲೂ ಜಗಳವಾಡಿದವು, ಈಗಲೂ ವಾದ ಇದೆ. ನನಗೆ ಅನ್ನಿಸುವುದು, ಮುಂದಿನ ದಿನಕ್ಕೆ ಕಾನೂನು ಬದಲಿಸುವುದು ಒಂದು, ನಿನ್ನೆಯನ್ನೇ ಬದಲಿಸುವುದು ಇನ್ನೊಂದು. ಎರಡನೆಯದಕ್ಕೆ ಇನ್ನೂ ಜಾಸ್ತಿ ಚರ್ಚೆ ಬೇಕಿತ್ತು.

ಒಂದು ಕಾಯ್ದೆಯನ್ನು ರದ್ದು ಮಾಡಿದ ಕಾಯ್ದೆಯೇ ರದ್ದಾದರೆ ಮೊದಲನೆಯದು ಎದ್ದು ಬರುವುದಿಲ್ಲ. ಅದನ್ನು ಬೇಕಾದರೆ ಹೊಸದಾಗಿ ಹುಟ್ಟಿಸಬೇಕು. ಹಾಗೇ ‘76 ಹಳೆಯ ಕಾನೂನು ಕಿತ್ತೆಸೆದ ಸರ್ಕಾರ’ ಅಂತ 2023ರಲ್ಲಿ ಬಂದಂಥ ಸುದ್ದಿ ಓದಿ ಬೆರಗಾಗಬೇಡಿ. ಇಂಥ ಪಟ್ಟಿಗಳಲ್ಲಿ ತಮ್ಮ ಕೆಲಸ ಮುಗಿಸಿದ ತಿದ್ದುಪಡಿ ಕಾಯ್ದೆಗಳು ಬಹಳ ಇರುತ್ತವೆ. ತಿದ್ದುಪಡಿ ಆಗಲೇ ಮೂಲದೊಳಗೆ ಬೆರೆತಿರುತ್ತದೆ, ಖಾಲಿ ಡಬ್ಬ ಮಾತ್ರ ಆಚೆ ಹಾಕುತ್ತಾರೆ.

6. ಎಲ್ಲಿ ಹುಡುಕಬೇಕು

ರಾಜ್ಯದ ಕಾಯ್ದೆಯಾದರೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣ. ಅಲ್ಲಿನ ಪಿಡಿಎಫ್‌ಗಳ ಶುರುವಿನಲ್ಲೇ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಮೂಲ ಕಾಯ್ದೆಗೆ ಒಂದು, ಒಂದೊಂದು ತಿದ್ದುಪಡಿಗೂ ಒಂದೊಂದು. ಯಾವ ವರ್ಷ ಏಕೆ ಬದಲಾಯಿಸಿದರು ಅನ್ನುವುದು ಅಲ್ಲೇ ಸಿಗುತ್ತದೆ. ನಾನು ಮೊದಲು ಓದುವುದು ಅದನ್ನೇ. ಕೇಂದ್ರದ್ದಾದರೆ ಇಂಡಿಯಾ ಕೋಡ್. ಅಧಿಸೂಚನೆಗೆ ಗೆಜೆಟ್, ಅಂದರೆ ನಮ್ಮ ಇ-ರಾಜ್ಯಪತ್ರ. ಜಾಲತಾಣದ ಪ್ರತಿಯೂ ಕೆಲವು ತಿಂಗಳು ಹಿಂದೆ ಬಿದ್ದಿರಬಹುದು. ಕೊನೆಯ ಅಡಿಟಿಪ್ಪಣಿಯ ವರ್ಷ ನೋಡಿ, ಅಲ್ಲಿಂದೀಚಿನ ತಿದ್ದುಪಡಿಗಳನ್ನು ಬೇರೆಯಾಗಿ ಹುಡುಕಿ. ಗೈಡುಗಳು, ಯೂಟ್ಯೂಬು, ನನ್ನಂಥ ಟೈಪಿಂಗ್ ಅಂಗಡಿಯವರು, ಇವೆಲ್ಲ ದಾರಿ ತೋರಿಸಲಿಕ್ಕೆ ಮಾತ್ರ.

ಆ ಹಿರಿಯರಿಗೆ ಇಲಾಖೆಯ ಪ್ರತಿ ತೆಗೆದು ಪರದೆ ಮೇಲೆ ತೋರಿಸಿದೆ. 79ಬಿ ಇದ್ದ ಜಾಗದಲ್ಲಿ ಒಂದೇ ಸಾಲು: ಬಿಟ್ಟುಬಿಡಲಾಗಿದೆ, 2020ರ 56. ಹಾಗಂತ ನಾಳೆಯೇ ಅಡ್ವಾನ್ಸ್ ಕೊಡಬೇಡಿ ಅಂತಲೂ ಹೇಳಿದೆ. ಎಷ್ಟು ಎಕರೆ ಇಟ್ಟುಕೊಳ್ಳಬಹುದು ಅನ್ನುವ 63ನೇ ಪ್ರಕರಣ ಇನ್ನೂ ಇದೆ. ಕೊಳ್ಳುವ ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಪಹಣಿ ಮತ್ತು ಮ್ಯುಟೇಶನ್ ತೆಗೆಸಿಕೊಂಡು ವಕೀಲರ ಹತ್ತಿರ ಹೋಗಿ ಅಂದೆ.

ಅವರ ಹಳದಿ ಪುಸ್ತಕದಲ್ಲಿ 79ಬಿ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ‘2020ರ 56’ ಅಂತ ಬರೆದುಕೊಟ್ಟೆ. ‘ಪೆನ್ನಲ್ಲೇ ಹಾಕ್ಬಿಡಿ, ಅಳಿಸಿ ಹೋಗುತ್ತೆ’ ಅಂದರು. ಪೆನ್ಸಿಲೇ ಇರಲಿ ಅಂದೆ.